ಪೈಪ್ ಮುರಿಯಲಿಲ್ಲ, ತಗಡು ಹರಿಯಿತು: ಒಂದು ಜಿಪ್ಸಿಯ ರೋಲ್ ಕೇಜ್ ಪ್ರಕರಣ

ಈ ಪ್ರಕರಣದ ಗಾಡಿ ಉರುಳಿದ್ದು ಮನುಷ್ಯ ನಡೆಯುವ ವೇಗದಲ್ಲಿ. ಸೇಡಂ ತಾಲ್ಲೂಕಿನ ಒಂದು ಎರೆ ಹೊಲ. ಮಳೆ ಆಗಷ್ಟೇ ಬಿಟ್ಟಿತ್ತು. ಹೊಲದಿಂದ ಹಳ್ಳಕ್ಕೆ ಇಳಿಯುವ ಕಡೆ ಒಡ್ಡು ಇದೆ. ಗಾಡಿ ಆ ಒಡ್ಡನ್ನು ಓರೆಯಾಗಿ ಹತ್ತಿತು. ಎಡಗಡೆ ಚಕ್ರಗಳು ಮೇಲೆ, ಬಲಗಡೆಯವು ಕೆಳಗೆ. ಟೈರಿನ ಉಬ್ಬುಗಳ ನಡುವೆ ಎರೆ ಮಣ್ಣು ತುಂಬಿ ಟೈರ್ ನುಣ್ಣಗಾಗಿತ್ತು. ಬಲ ಹಿಂದಿನ ಚಕ್ರ ಜಾರಿ ಒಂದು ಸಣ್ಣ ಗುಂಡಿಗೆ ಇಳಿಯಿತು, ಅಷ್ಟೇ. ಗಾಡಿ ನಿಧಾನವಾಗಿ ಬಲಕ್ಕೆ ಮಗುಚಿ, ಇನ್ನೊಂದು ಸಲ ಹೊರಳಿ, ತಲೆಕೆಳಗಾಗಿ ಹಳ್ಳದ ದಂಡೆಯಲ್ಲಿ ನಿಂತಿತು.

ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್. ಮಾಲೀಕರು ಕೃಷಿಕರು, ಜೊತೆಗೆ ಆಫ್‌ರೋಡ್ ಹುಚ್ಚು. ಪಕ್ಕದಲ್ಲಿ ಅವರ ತಮ್ಮ ಕೂತಿದ್ದರು. ಅಣ್ಣ ಸೀಟ್ ಬೆಲ್ಟ್ ಹಾಕಿದ್ದರು, ತಮ್ಮ ಹಾಕಿರಲಿಲ್ಲ. ತಮ್ಮ ಬಂದು ಅಣ್ಣನ ಮೇಲೆ ಬಿದ್ದರು. ಅಣ್ಣನ ಭುಜಕ್ಕೆ ಪೆಟ್ಟಾಯಿತು, ತಲೆಗೆ ಹೊಲಿಗೆ ಬಿತ್ತು. ತಲೆಗೆ ಬಡಿದದ್ದು ನೆಲ ಅಲ್ಲ, ಅವರದೇ ರೋಲ್ ಕೇಜಿನ ಪೈಪ್.

ಹೌದು, ಗಾಡಿಗೆ ಕೇಜ್ ಇತ್ತು, ಅಂದರೆ ಗಾಡಿ ಉರುಳಿದಾಗ ಒಳಗಿನವರನ್ನು ಕಾಯಬೇಕಾದ ಪೈಪಿನ ಚೌಕಟ್ಟು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿದ್ದ ಕೇಜ್

ಗಾಡಿಯನ್ನು ಲಾರಿಯ ಮೇಲೆ ಹಾಕಿ ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶಕ್ಕೆ, ನಾವು ಕೆಲಸ ಮಾಡುವ ಶೆಡ್ಡಿಗೆ ತಂದರು. ಮಾಲೀಕರು ಮೊದಲು ಕೇಳಿದ್ದು ಒಂದೇ ಮಾತು: "ಪೈಪ್ ಇನ್ನೂ ದಪ್ಪಂದು ಹಾಕಬೇಕಿತ್ತೇನ್ರಿ?"

ನಮ್ಮ ವೆಲ್ಡಿಂಗ್ ಉಸ್ತಾದ್ ಗಾಡಿಯ ಅಡಿಗೆ ತೂರಿಕೊಂಡು ಟಾರ್ಚ್ ಬಿಟ್ಟು ನೋಡಿದರು. ಹೊರಗೆ ಬಂದು, "ಗೌಡ್ರ, ಪೈಪಿಗೆ ಏನೂ ಆಗಿಲ್ರಿ. ತಗಡು ಹರದದ" ಅಂದರು.

ಪ್ರಕರಣದ ತಿರುಳು ಅದೇ. ಹಳೆಯ ಕೇಜ್ ನೀರಿನ ಜಿಐ ಪೈಪಿನದು. ಒಂದೂವರೆ ಇಂಚಿನ ಪೈಪ್ ಅಂದರೆ ಹೊರಗಿನ ಅಳತೆ 48 ಮಿಲಿಮೀಟರ್, ದಪ್ಪ ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ತೂಕ ಮೀಟರಿಗೆ ಮೂರೂವರೆ ಕಿಲೋ. ನೋಡಲು ಬಲವಾಗಿಯೇ ಇತ್ತು. ಮುರಿಯಲೂ ಇಲ್ಲ. ಆದರೆ ಡ್ರೈವರ್ ಬೆನ್ನ ಹಿಂದಿನ ದೊಡ್ಡ ಕಮಾನಿನ ಬಲಗಾಲು ನೆಲದ ತಗಡನ್ನು ಸೀಳಿಕೊಂಡು ಒಂದು ಗೇಣು ಕೆಳಗೆ ಹೋಗಿತ್ತು. ಜೋಳದ ರೊಟ್ಟಿಯೊಳಗೆ ಬೆರಳು ಚುಚ್ಚಿದ ಹಾಗೆ. ಕಾಲು ಇಳಿದಷ್ಟು ಕಮಾನು ಇಳಿಯಿತು, ಕಮಾನು ಇಳಿದಷ್ಟು ಪೈಪ್ ತಲೆಯ ಹತ್ತಿರ ಬಂತು.

ಕಾಲಿನ ಅಡಿಯಲ್ಲಿ ಇದ್ದದ್ದು ಎರಡು ಇಂಚು ಚೌಕದ ಒಂದು ಪಟ್ಟಿ, ಎರಡು ಬೋಲ್ಟ್, ತಗಡಿನ ಕೆಳಗಡೆ ಬರೀ ವಾಷರ್. ಲೆಕ್ಕ ಸರಳ. ಮೇಲಿಂದ ಭಾರ ಬಿದ್ದಾಗ ತಗಡು ಹರಿಯುವುದು ಪಟ್ಟಿಯ ಅಂಚಿನುದ್ದಕ್ಕೆ. ಎರಡು ಇಂಚು ಚೌಕಕ್ಕೆ ಅಂಚು ಸುತ್ತಲೂ 20 ಸೆಂಟಿಮೀಟರ್. ಅದೇ ಜಾಗದಲ್ಲಿ 10 ಗುಣಿಸು 12 ಸೆಂಟಿಮೀಟರ್ ಪ್ಲೇಟ್ ಇದ್ದಿದ್ದರೆ ಅಂಚು 44 ಸೆಂಟಿಮೀಟರ್. ದುಪ್ಪಟ್ಟಿಗಿಂತ ಜಾಸ್ತಿ ತಗಡು ಭಾರ ಹಂಚಿಕೊಳ್ಳುತ್ತಿತ್ತು. ಅದರ ಮೇಲೆ ಜಿಪ್ಸಿಯ ನೆಲಕ್ಕೆ ತುಕ್ಕಿನ ಕಾಟ ಬೇರೆ. ಮ್ಯಾಟ್ ಕೆಳಗೆ ಮಳೆನೀರು, ಎರೆ ಮಣ್ಣು ಕೂತರೆ ಕೇಳುವುದೇ ಬೇಡ. ಈ ಗಾಡಿಯಲ್ಲಿ ಬಲಗಾಲಿನ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ತೂತು ಬೀಳುತ್ತಿತ್ತು.

ಇನ್ನೊಂದು ತೊಂದರೆ ಮೇಲ್ನೋಟಕ್ಕೆ ಕಾಣುವಂಥದ್ದಲ್ಲ. ಜಿಪ್ಸಿಗೆ ಚಾಸಿಸ್ ಬೇರೆ, ಬಾಡಿ ಬೇರೆ. ಬಾಡಿ ರಬ್ಬರ್ ಬುಶ್‌ಗಳ ಮೇಲೆ ಕೂತಿರುತ್ತದೆ. ದಾರಿ ಏರುಪೇರಾದರೆ ಚಾಸಿಸ್ ತಿರುಚುತ್ತದೆ, ಬಾಡಿ ಅದರ ಮೇಲೆ ಸ್ವಲ್ಪ ಆಡುತ್ತದೆ. ಹಳೆಯ ಕೇಜಿನಲ್ಲಿ ದೊಡ್ಡ ಕಮಾನಿಗೆ ಹಿಂದಿನಿಂದ ಊರುಗೋಲಾಗಿ ಕೊಟ್ಟ ಎರಡು ಆನಿಕೆ ಪೈಪುಗಳನ್ನು ನೇರ ಚಾಸಿಸ್‌ಗೆ ವೆಲ್ಡ್ ಮಾಡಿದ್ದರು, ಉಳಿದ ಕಾಲುಗಳನ್ನು ಬಾಡಿಯ ತಗಡಿಗೆ ಬೋಲ್ಟ್ ಮಾಡಿದ್ದರು. ಒಂದು ಕಡೆ ಆಡುತ್ತದೆ, ಇನ್ನೊಂದು ಕಡೆ ಆಡುವುದಿಲ್ಲ. ನಡುವೆ ಸಿಕ್ಕ ತಗಡು ಏನು ಮಾಡಬೇಕು? ಮುಂದಿನ ಎರಡೂ ಕಾಲುಗಳ ಸುತ್ತ ಕೂದಲೆಳೆಯ ಬಿರುಕು ಮೊದಲೇ ಇತ್ತು. ಅವು ಹಳೆಯ ಬಿರುಕುಗಳು, ಒಳಗೆಲ್ಲ ತುಕ್ಕು ಹಿಡಿದಿತ್ತು. ಗಾಡಿ ಉರುಳುವ ಮೊದಲೇ ಕೇಜ್ ತನ್ನ ಕಾಲನ್ನು ತಾನೇ ಕಿತ್ತುಕೊಳ್ಳುತ್ತಿತ್ತು.

ಆ ಕೇಜ್ ಮಾಡಿದವರು ಯಾರು, ಎಷ್ಟು ತಗೊಂಡರು ಅನ್ನುವುದು ಇಲ್ಲಿ ಬೇಡ. ಇಂಥವು ನಮ್ಮ ಭಾಗದಲ್ಲಿ ಬೇಕಾದಷ್ಟು ಓಡುತ್ತಿವೆ. ಹೊಳೆಯುವ ಪೇಂಟ್, ಮೇಲೆ ಲೈಟ್ ಕಟ್ಟಲು ಒಂದು ಪೈಪ್. ಫೋಟೋಕ್ಕೆ ಚೆಂದ.

ಕಾಲು ಎಲ್ಲಿ ಊರಬೇಕು

ಹೊಸ ಕೇಜಿನ ಕೆಲಸದಲ್ಲಿ ನಾವು ಜಾಸ್ತಿ ಚರ್ಚೆ ಮಾಡಿದ್ದು ಇದರ ಬಗ್ಗೆಯೇ. ಉಸ್ತಾದ್‌ಗೆ ಆರೂ ಕಾಲು ಚಾಸಿಸ್ ಮೇಲೆ ಬರಬೇಕು ಅನ್ನುವ ಹಟ. "ಚಾಸಿಸ್ ಅಂದ್ರ ಚಾಸಿಸ್ರಿ ಸರ್ರ. ತಗಡಿಗೆ ಏನ್ ನಂಬಿಗಿ?" ಅವರ ಮಾತಿನಲ್ಲಿ ತಪ್ಪಿಲ್ಲ. ಪೂರ್ತಿ ಸ್ಪರ್ಧೆಗೆಂದೇ ಕಟ್ಟುವ ಗಾಡಿಗಳಲ್ಲಿ ಹಾಗೆ ಮಾಡುತ್ತಾರೆ. ಆದರೆ ಆಗ ಸೀಟುಗಳನ್ನೂ ಕೇಜಿಗೋ ಚಾಸಿಸ್‌ಗೋ ಕೂರಿಸಬೇಕು. ಸೀಟು ಬಾಡಿಯ ಮೇಲೆ, ಕೇಜ್ ಚಾಸಿಸ್ ಮೇಲೆ ಇದ್ದರೆ ಗಾಡಿ ತಲೆಕೆಳಗಾದಾಗ ಬಾಡಿ ಜೊತೆ ಸೀಟು ಒಂದು ಕಡೆ ಸರಿಯುತ್ತದೆ, ಕೇಜ್ ಇದ್ದಲ್ಲೇ ಇರುತ್ತದೆ. ತಲೆಗೂ ಪೈಪಿಗೂ ಇರುವ ಅಂತರ ನಂಬುವಂತಿರುವುದಿಲ್ಲ. ಪೈಪ್ ತೂರಿಸಲು ನೆಲದಲ್ಲಿ ದೊಡ್ಡ ತೂತು ಕೊರೆಯಬೇಕಾದದ್ದು ಬೇರೆ.

ಹಾಗಾಗಿ ಆರೂ ಕಾಲುಗಳನ್ನು ಬಾಡಿಯ ಮೇಲೆಯೇ ಊರುವುದು ಅಂತ ತೀರ್ಮಾನ ಆಯಿತು. ಆದರೆ ಬಾಡಿ ಮೌಂಟ್‌ಗಳ, ಅಂದರೆ ಬಾಡಿಯನ್ನು ಚಾಸಿಸ್‌ಗೆ ಬಿಗಿದ ಜಾಗಗಳ ಹತ್ತಿರಕ್ಕೆ, ಅಡಿಯಲ್ಲಿ ಅಡ್ಡ ಪಟ್ಟಿ ಇರುವ ಜಾಗದಲ್ಲೇ. ಹಾಗೆ ಮಾಡಿದರೆ ಕೇಜಿನ ಭಾರ ತಗಡಿನಲ್ಲಿ ದೂರ ಪ್ರಯಾಣ ಮಾಡದೆ ಮೌಂಟ್ ಮೂಲಕ ಚಾಸಿಸ್‌ಗೆ ಹೋಗುತ್ತದೆ. ಇದಕ್ಕೆ ಒಂದು ಷರತ್ತು ಇದೆ. ಮೌಂಟ್‌ನ ಬೋಲ್ಟುಗಳು ಗಟ್ಟಿ ಇರಬೇಕು. ಬಿಚ್ಚಿ ನೋಡಿದರೆ ಎರಡು ಬೋಲ್ಟ್ ನಡುವೆ ತುಕ್ಕು ತಿಂದು ಸಣಕಲಾಗಿದ್ದವು. ರಬ್ಬರ್‌ಗಳು ಒಣಗಿ ಬಿರಿದಿದ್ದವು. ಎಲ್ಲ ಹೊಸದು ಹಾಕಿದೆವು. ಕೇಜ್ ಹಾಕಿಸುವವರು ಈ ಬೋಲ್ಟುಗಳ ಕಡೆ ನೋಡುವುದೇ ಇಲ್ಲ. ಗಾಡಿ ಉರುಳಿದಾಗ ಬಾಡಿಯನ್ನು ಚಾಸಿಸ್ ಜೊತೆ ಹಿಡಿದಿಡುವುದು ಅವೇ ಅಲ್ವಾ?

ಕಾಲಿನ ಅಳತೆಗೆ ಎಫ್‌ಐಎ, ಅಂದರೆ ಮೋಟಾರು ಸ್ಪರ್ಧೆಗಳ ಅಂತರರಾಷ್ಟ್ರೀಯ ಒಕ್ಕೂಟದ ನಿಯಮಾವಳಿಯನ್ನು ಹಿಡಿದೆವು. ಅನುಬಂಧ ಜೆ, 253ನೇ ವಿಧಿ. ರ‍್ಯಾಲಿ ಕಾರುಗಳಿಗೆಂದು ಬರೆದದ್ದಾದರೂ ಲೋಹಕ್ಕೆ ಅದು ಗೊತ್ತಿಲ್ಲ. ಮುಖ್ಯ ಕಮಾನಿನ ಪ್ರತಿ ಕಾಲಿಗೆ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್‌ನ ಬಲವರ್ಧಕ ಪ್ಲೇಟ್, ಕನಿಷ್ಠ ಮೂರು ಎಂ8 (8 ಮಿಲಿಮೀಟರ್) ಬೋಲ್ಟ್, ಬಲದಲ್ಲಿ 8.8 ದರ್ಜೆಯವು. ಹಿಂದಿನ ಆನಿಕೆಗಳಿಗೆ 60 ಚದರ ಸೆಂಟಿಮೀಟರ್, ಎರಡು ಬೋಲ್ಟ್. ನಾವು ಎಲ್ಲ ಕಡೆ ದೊಡ್ಡ ಪ್ಲೇಟನ್ನೇ ಹಾಕಿದೆವು, ತಗಡಿನ ಮೇಲೊಂದು ಕೆಳಗೊಂದು. ಮೂಲೆಗಳನ್ನು ಗುಂಡಗೆ ಉಜ್ಜಿದೆವು. ಚೂಪು ಮೂಲೆಯಿಂದಲೇ ತಗಡು ಹರಿಯಲು ಶುರುವಾಗುವುದು. ಅದಕ್ಕೂ ಮೊದಲು ತುಕ್ಕು ಹಿಡಿದ ನೆಲವನ್ನು ಕತ್ತರಿಸಿ ಹೊಸ ತಗಡು ಕೂಡಿಸಿದ್ದೆವು. ಕೇಜಿನ ಕೆಲಸದಲ್ಲಿ ಅರ್ಧ ಸಮಯ ಹೋದದ್ದು ಇದಕ್ಕೇ. ಮಾಲೀಕರಿಗೆ ಬೇಸರ. "ಪೈಪ್ ಯಾವಾಗ ಹಾಕ್ತೀರಿ?" ಅಂತ ಬಂದಾಗಲೆಲ್ಲ ಕೇಳುತ್ತಿದ್ದರು.

ಭಾರ ಎಷ್ಟು ಅಂತ ಒಂದು ಅಂದಾಜು ಕೊಡುತ್ತೇನೆ. ಕೇಜಿಗೆ ಮಾನ್ಯತೆ ಕೊಡುವಾಗ ಎಫ್‌ಐಎ ಮುಖ್ಯ ಕಮಾನಿನ ಮೇಲೆ ಹಾಕಿಸುವ ಭಾರ, ಗಾಡಿಯ ತೂಕಕ್ಕೆ 150 ಕಿಲೋ ಕೂಡಿಸಿ ಬಂದದ್ದರ ಏಳೂವರೆ ಪಟ್ಟು. ಜಿಪ್ಸಿ ಒಂದು ಟನ್ನಿನ ಆಸುಪಾಸು ತೂಗುತ್ತದೆ. ಲೆಕ್ಕ ಹಾಕಿದರೆ ಎಂಟೂವರೆ ಟನ್ ಬರುತ್ತದೆ. ಒಂದು ಟನ್ ಗಾಡಿಗೆ ಇಷ್ಟೇಕೆ ಅನಿಸಬಹುದು. ನಿಂತ ಭಾರ ಬೇರೆ, ಬಂದು ಬಡಿಯುವ ಭಾರ ಬೇರೆ. ಮತ್ತೆ ಉರುಳುವ ಗಾಡಿ ಎಲ್ಲ ಕಾಲುಗಳ ಮೇಲೆ ಸಮನಾಗಿ ಬೀಳುವುದಿಲ್ಲ. ಒಂದು ಮೂಲೆಯ ಮೇಲೆ ಬೀಳುತ್ತದೆ.

ಪೈಪ್, ಬಾಗು, ಬೆಸುಗೆ

ಅದೇ ನಿಯಮಾವಳಿ ಹೇಳುವುದು ಹೊಲಿಗೆ ಇಲ್ಲದ, ತಣ್ಣಗೆ ಎಳೆದ ಇಂಗಾಲದ ಉಕ್ಕಿನ ಪೈಪ್. ಅಂಗಡಿಯವರು ಇದನ್ನು ಸಿಡಿಎಸ್ ಅಥವಾ ಸೀಮ್‌ಲೆಸ್ ಅನ್ನುತ್ತಾರೆ. ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, 2.5 ದಪ್ಪ, ಅಥವಾ 50ಕ್ಕೆ 2. ಉಳಿದದ್ದಕ್ಕೆ 38ಕ್ಕೆ 2.5 ಅಥವಾ 40ಕ್ಕೆ 2. ಕಲಬುರಗಿಯಲ್ಲಿ ಕೇಳಿದ ಕಡೆಯೆಲ್ಲ ಇಆರ್‌ಡಬ್ಲ್ಯು ಪೈಪೇ ತೋರಿಸಿದರು, ಅಂದರೆ ತಗಡನ್ನು ಸುತ್ತಿ ಉದ್ದಕ್ಕೆ ಬೆಸೆದದ್ದು. ಪೈಪಿನ ತುದಿಯೊಳಗೆ ಬೆರಳು ಹಾಕಿ ತಿರುಗಿಸಿದರೆ ಉದ್ದದ ಏಣು ಸಿಗುತ್ತದೆ, ಹೆಚ್ಚಿನ ಸಲ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಕೊನೆಗೆ ಸಿಕಂದರಾಬಾದಿನ ರಾಣಿಗಂಜ್‌ನಿಂದ ತರಿಸಿದೆವು, ಕಾರ್ಖಾನೆಯ ಪರೀಕ್ಷಾ ಪತ್ರದ ಸಮೇತ. ಆ ಪತ್ರ ಇಲ್ಲದೆ ಸೀಮ್‌ಲೆಸ್ ಅನ್ನುವ ಮಾತಿಗೆ ಬೆಲೆ ಇಲ್ಲ.

ಬಗ್ಗಿಸುವುದು ಇನ್ನೊಂದು ತಲೆನೋವು. ಪ್ಲಂಬರ್‌ಗಳ ಬೆಂಡರ್‌ನಲ್ಲಿ ಬಗ್ಗಿಸಿದರೆ ತೆಳು ಗೋಡೆಯ ಪೈಪ್ ಒಳಬದಿಗೆ ಚಪ್ಪಟೆಯಾಗುತ್ತದೆ. ಮರಳು ತುಂಬಿ, ಕಾಯಿಸಿ ಬಗ್ಗಿಸುವುದು ಉಸ್ತಾದರ ಹಳೆಯ ವಿದ್ಯೆ. ಕಿಟಕಿ ಗ್ರಿಲ್‌ಗೆ, ಗೇಟ್‌ಗೆ ಅದು ಸರಿ. ಇಲ್ಲಿ ಕಾಯಿಸಬಾರದು. ಕಾಯಿಸಿದ ಕಡೆ, ತಣ್ಣಗೆ ಎಳೆದು ಬಂದ ಗಟ್ಟಿತನ ಕಡಿಮೆಯಾಗುತ್ತದೆ. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಾದರೂ ಇರಬೇಕು. ಬಾಗಿದ ಕಡೆ ಚಿಕ್ಕ ವ್ಯಾಸವನ್ನು ದೊಡ್ಡ ವ್ಯಾಸದಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಬಾರದು. ಇದನ್ನು ವರ್ನಿಯರ್ ಹಿಡಿದು ಯಾರು ಬೇಕಾದರೂ ನೋಡಬಹುದು. ನಾವು 6 ಮಿಲಿಮೀಟರ್ ಸರಳನ್ನು ಗಾಡಿಯೊಳಗೇ ಬಗ್ಗಿಸಿ ಅಚ್ಚು ಮಾಡಿಕೊಂಡು, ಆ ಅಚ್ಚನ್ನು ಹೈದರಾಬಾದಿಗೆ ಕೊಟ್ಟು ಪೈಪ್ ಚಪ್ಪಟೆಯಾಗದಂತೆ ಒಳಗಿನಿಂದ ಆಧಾರ ಕೊಡುವ ಮ್ಯಾಂಡ್ರೆಲ್ ಯಂತ್ರದಲ್ಲಿ ಬಗ್ಗಿಸಿ ತಂದೆವು. ಪೈಪಿನ ಖರ್ಚಿಗಿಂತ ಓಡಾಟದ ಖರ್ಚು ಜಾಸ್ತಿ ಆಯಿತು.

ಮಾಲೀಕರಿಗೆ ಇನ್ನಷ್ಟು ಪೈಪ್ ಬೇಕಿತ್ತು. ಹೊರಗೊಂದು ಸುತ್ತು, ಮೇಲೆ ಕ್ಯಾರಿಯರ್, ಅದರ ಮೇಲೆ ಸ್ಟೆಪ್ನಿ. ನಾವು ಒಪ್ಪಲಿಲ್ಲ. ಜಿಪ್ಸಿಯ ಎರಡು ಚಕ್ರಗಳ ನಡುವಿನ ಅಗಲ 1300 ಮಿಲಿಮೀಟರ್ ಸುಮಾರು, ಅಂದರೆ ನಡುವಿನಿಂದ ಒಂದು ಕಡೆಗೆ 65 ಸೆಂಟಿಮೀಟರ್. ಭಾರದ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ ಅಂದುಕೊಂಡರೆ, ನಿಂತ ಗಾಡಿ ಸುಮಾರು 43 ಡಿಗ್ರಿ ಓರೆಯಾದಾಗ ಮಗುಚುತ್ತದೆ. ಆ ಕೇಂದ್ರ 5 ಸೆಂಟಿಮೀಟರ್ ಮೇಲೆ ಹೋದರೆ ಸುಮಾರು 41 ಡಿಗ್ರಿಗೇ ಮಗುಚುತ್ತದೆ. ಇದು ಕಾಗದದ ಲೆಕ್ಕ. ಸ್ಪ್ರಿಂಗ್ ಕುಸಿತ, ಗುಂಡಿ, ಜಾರಿದ ಚಕ್ರ ಎಲ್ಲ ಸೇರಿದರೆ ಇನ್ನೂ ಬೇಗ. ಈ ಗಾಡಿಗೆ ಮೊದಲೇ ಎತ್ತರ ಹೆಚ್ಚಿಸುವ ಲಿಫ್ಟ್ ಕಿಟ್, ದೊಡ್ಡ ಟೈರ್ ಹಾಕಿಸಿದ್ದರು. ಹಳೆಯ ಕೇಜಿನ ಎಪ್ಪತ್ತು ಕಿಲೋ ಹತ್ತಿರದ ಕಬ್ಬಿಣ ಬೇರೆ ಮೇಲಿತ್ತು. ಉರುಳಿದಾಗ ಕಾಪಾಡಬೇಕಾದ ಕೇಜೇ ಉರುಳಲು ಒಂದಿಷ್ಟು ಸಹಾಯ ಮಾಡಿತ್ತು. ಹೊಸದು ಪ್ಲೇಟೂ ಸೇರಿ 45 ಕಿಲೋ ಆಸುಪಾಸಿಗೆ ಬಂತು.

ಬಲ ಬರುವುದು ಪೈಪಿನ ಸಂಖ್ಯೆಯಿಂದಲ್ಲ, ತ್ರಿಕೋನದಿಂದ. ಬರೀ ಕಮಾನನ್ನು ಮೂಲೆಯಿಂದ ದೂಡಿದರೆ ಪಕ್ಕಕ್ಕೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಕರ್ಣ ಪೈಪ್ ಹಾಕಿದರೆ ವಾಲುವುದಿಲ್ಲ. ಹಳೆಯದರಲ್ಲಿ ಕರ್ಣವೇ ಇರಲಿಲ್ಲ. ಹೊಸದರಲ್ಲಿ ಅದರ ಮೇಲಿನ ತುದಿಯನ್ನು ಡ್ರೈವರ್ ಕಡೆಗೆ ಕೊಟ್ಟೆವು. ಕರ್ಣ ನೆಟ್ಟಗೇ ಇರಬೇಕು. ಹಿಂದಿನ ಕನ್ನಡಿ ಸರಿಯಾಗಿ ಕಾಣಲಿ ಅಂತ ನಡುವೆ ಬಗ್ಗಿಸಿ ಹಾಕಿದವರನ್ನು ನೋಡಿದ್ದೇನೆ. ಬಗ್ಗಿಸಿದರೆ ಅದು ಸ್ಪ್ರಿಂಗ್ ಆಗುತ್ತದೆ.

ಬೆಸುಗೆಯಲ್ಲಿ ಉಸ್ತಾದರ ಕೈಗೆ ಎದುರಿಲ್ಲ. ಪೈಪ್ ತುದಿಗಳನ್ನು ಮೀನಿನ ಬಾಯಿಯಂತೆ ಕೊರೆದು, ಸಂದಿಲ್ಲದೆ ಕೂರಿಸಿ, ಮೊದಲು ಎಲ್ಲ ಕಡೆ ಟಾಕಾ ಹಾಕಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ಅಂತ ಬಿಟ್ಟು ಬಿಟ್ಟು ಸಿಒ2 ವೆಲ್ಡಿಂಗ್ ಮಾಡಿದರು. ಶುರು ಮಾಡುವ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಟ್ಟಿದ್ದೆವು, ಬ್ಯಾಟರಿ ಮತ್ತು ಇಂಜಿನ್ ಕಂಪ್ಯೂಟರಿನ ತಂತಿ ಬಿಚ್ಚಿದ್ದೆವು. ಬೆಸುಗೆಯನ್ನು ಗ್ರೈಂಡ್ ಮಾಡಿ ನುಣುಪು ಮಾಡಲು ಬಿಡಲಿಲ್ಲ. ಚೆಂದ ಕಾಣಲು ಉಜ್ಜಿದರೆ ಬಲವನ್ನೇ ಉಜ್ಜಿ ತೆಗೆದಂತೆ. ಪೇಂಟ್‌ಗೆ ಮೊದಲು ಪ್ರತಿ ಕೂಡಿಕೆಗೂ ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ಪೆನೆಟ್ರಂಟ್ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸಿ ನೋಡಿದೆವು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಮುಂದಿನ ಎಡ ಮೂಲೆಯ ಒಂದು ಕೂಡಿಕೆಯಲ್ಲಿ ಮೂಡಿತು. ಉಸ್ತಾದ್ ಮಾತಾಡದೆ ಅದನ್ನು ಕೆರೆದು ತೆಗೆದು ಮತ್ತೆ ಬೆಸೆದರು. ಇಡೀ ಪರೀಕ್ಷೆಯ ಸಾಮಾನು ಮೂರು ಡಬ್ಬಿ ಸ್ಪ್ರೇ. ಊರಿನಲ್ಲಿ ಕೇಜ್ ಮಾಡುವ ಎಷ್ಟು ಜನ ಇದನ್ನು ಬಳಸುತ್ತಾರೋ!

ಒಳಗಿರುವ ತಲೆ

ಹೆಲ್ಮೆಟ್ ಇಲ್ಲದ ತಲೆಗೆ ಕೇಜ್ ಕೂಡ ಒಂದು ಅಪಾಯವೇ. ಈ ಪ್ರಕರಣದ ಹೊಲಿಗೆಗಳೇ ಸಾಕ್ಷಿ. ಕಮಾನನ್ನು ಸೀಟಿನ ಬೆನ್ನಿಗೆ ಹತ್ತಿ ಹಾಕುವ ಬದಲು ಸ್ವಲ್ಪ ಹಿಂದಕ್ಕೆ, ಮೇಲಕ್ಕೆ ಕೊಟ್ಟೆವು. ಮಾಲೀಕರನ್ನು ಹೆಲ್ಮೆಟ್ ಹಾಕಿಸಿ, ಬೆಲ್ಟ್ ಬಿಗಿಸಿ ಕೂರಿಸಿ, ತಲೆಯನ್ನು ಎಲ್ಲ ಕಡೆ ವಾಲಿಸಲು ಹೇಳಿ ಅಳತೆ ತಗೊಂಡೆವು. ತಲೆ ಮುಟ್ಟಬಹುದಾದ ಪೈಪಿಗೆಲ್ಲ ಗಟ್ಟಿ ಫೋಮ್ ಬೇಕು. ಎಸಿ ಪೈಪಿಗೆ ಸುತ್ತುವ ಮೆತ್ತನೆಯ ಕಪ್ಪು ಫೋಮ್ ಇದಕ್ಕೆ ಆಗುವುದಿಲ್ಲ. ಬೆರಳಲ್ಲಿ ಒತ್ತಿದರೇ ಪೈಪ್ ಸಿಗುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ, 42 ಡಿಗ್ರಿ ದಾಟಿದ ದಿನಗಳಲ್ಲಿ, ಅದು ಪುಡಿಪುಡಿ ಆಗುತ್ತದೆ. ತೆರೆದ ಗಾಡಿಯ ಪೈಪ್ ಆಗ ಮುಟ್ಟಿದರೆ ಕೈ ಸುಡುತ್ತದೆ, ಅದೂ ಒಂದು ಕಾರಣ ಫೋಮ್ ಹಾಕಿಸಲು.

ಬೆಲ್ಟ್ ಇಲ್ಲದೆ ಕೇಜಿಗೆ ಅರ್ಥವಿಲ್ಲ. ಹೊಲದ ಓಡಾಟಕ್ಕೆ ಕಂಪನಿಯ ಬೆಲ್ಟ್ ಹಾಗೇ ಇಟ್ಟೆವು. ಸ್ಪರ್ಧೆಗೆ ಹಾರ್ನೆಸ್ (ಎರಡೂ ಭುಜದ ಮೇಲೆ ಬರುವ ಬೆಲ್ಟ್) ಬೇಕು ಅಂದದ್ದಕ್ಕೆ ಕಮಾನಿನಲ್ಲಿ ಒಂದು ಅಡ್ಡ ಪೈಪ್ ಕೊಟ್ಟೆವು. ಭುಜದ ಪಟ್ಟಿ ಹಿಂದಕ್ಕೆ ಹೋಗುವಾಗ ಜಾಸ್ತಿ ಇಳಿಜಾರು ಇರಬಾರದು. 10 ಡಿಗ್ರಿ ಒಳಗಿದ್ದರೆ ಒಳ್ಳೆಯದು, 45 ದಾಟಲೇಬಾರದು. ಪಟ್ಟಿಯನ್ನು ನೆಲಕ್ಕೆ ಕಟ್ಟಿದರೆ ಡಿಕ್ಕಿಯ ಹೊತ್ತಿಗೆ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ.

ಹಿಂದಿನ ಸೀಟು ಮತ್ತು ಆರ್‌ಸಿ

ನಿಜವಾಗಿ ಜಗಳ ಆದದ್ದು ಇಲ್ಲಿ. ಜಿಪ್ಸಿಯ ಹಿಂದೆ ಎದುರುಬದುರು ಬೆಂಚು. ತೊಗರಿ ರಾಶಿಯ ಕಾಲಕ್ಕೆ ಆಳುಗಳು ಅಲ್ಲೇ ಕೂತು ಬರುತ್ತಾರೆ. ಹಿಂದಿನ ಆನಿಕೆ ಪೈಪುಗಳು ಹೋಗುವುದು ಸರಿಯಾಗಿ ಅವರ ತಲೆಯ ಪಕ್ಕದಲ್ಲಿ. ಅವರಿಗೆ ಬೆಲ್ಟ್ ಇಲ್ಲ, ಹೆಲ್ಮೆಟ್ ಇಲ್ಲ, ಮೇಲೆ ಕಮಾನೂ ಇಲ್ಲ. ಈ ಕೇಜ್ ಕಾಯುವುದು ಮುಂದಿನ ಇಬ್ಬರನ್ನು ಮಾತ್ರ, ಹಿಂದೆ ಕೂತವರಿಗೆ ಮೊದಲಿಗಿಂತ ಅಪಾಯ ಜಾಸ್ತಿ. ಇದನ್ನು ಹೇಳಿದಾಗ ಮಾಲೀಕರು, "ಹಂಗಾದ್ರ ಹಿಂದೂ ಒಂದ್ ಕಮಾನ್ ಹಾಕ್ರಿ" ಅಂದರು. ಕಮಾನು ಹಾಕಬಹುದು, ಪಕ್ಕಕ್ಕೆ ಮುಖ ಮಾಡಿ ಕೂತವರನ್ನು ಅದು ಕಾಯುವುದಿಲ್ಲ. ಬೆಂಚುಗಳನ್ನು ಬಿಚ್ಚದೆ ಕೇಜ್ ಕೂರಿಸುವುದಿಲ್ಲ ಅಂತ ನಾವು ಹಟ ಹಿಡಿದೆವು. ಕೊನೆಗೆ ಅವರ ತಮ್ಮನೇ ನಮ್ಮ ಕಡೆ ಮಾತಾಡಿದರು, ಕೆಲಸ ಮುಂದುವರಿಯಿತು.

ಬೆಂಚು ಬಿಚ್ಚಿದರೆ ಆರ್‌ಸಿಯಲ್ಲಿರುವ ಆಸನ ಸಂಖ್ಯೆ ತಾಳೆಯಾಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಹೇಳುತ್ತದೆ. "ಯಾರ್ ಹಿಡೀತಾರ್ರಿ ನಮ್ ಕಡೆ" ಅನ್ನುವುದು ಉತ್ತರ ಅಲ್ಲ. ಅಪಘಾತ ಆದ ದಿನ ವಿಮೆಯವರು ಮೊದಲು ಕೇಳುವುದೇ ಇದನ್ನು.

ಮಾಲೀಕರು ಎರಡು ಕೆಲಸ ಮಾಡಿದರು. ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವುದು ಬಿಟ್ಟು, ಹೊಲಕ್ಕೂ ಸ್ಪರ್ಧೆಗೂ ಟ್ರೇಲರ್ ಮೇಲೆ ಒಯ್ಯಲು ಶುರು ಮಾಡಿದರು. ಆಳುಗಳನ್ನು ಕರೆತರಲು ಬೇರೆ ಗಾಡಿ ನೋಡಿಕೊಂಡರು. ಮನೆಯವರ ಓಡಾಟಕ್ಕೆ ಥಾರ್ ತಗೊಳ್ಳುವ ಮಾತು ನಡೆದಿದೆ. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ರೋಲ್ ಕೇಜ್ ಕಂಪನಿಯಿಂದಲೇ ಬರುತ್ತದೆ, ಆ ವರ್ಷವೇ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಪಡೆದಿತ್ತು. ರಸ್ತೆಯಲ್ಲಿ ಓಡಿಸುವವರಿಗೆ ನಾನು ಹೇಳುವುದೂ ಅದನ್ನೇ.

ಹೊಸ ಕೇಜ್ ಹಾಕಿದ ಮೇಲೆ ಗಾಡಿ ಮತ್ತೆ ಉರುಳಿಲ್ಲ, ಹಾಗಾಗಿ ಕೇಜ್ ಹೇಗೆ ತಡೆಯಿತು ಅಂತ ಹೇಳಲು ಬರುವುದಿಲ್ಲ. ಹೊಲದಲ್ಲಿ ಮೊದಲ ಸಲ ಚೆನ್ನಾಗಿ ಓಡಿಸಿದ ಮೇಲೆ ಮತ್ತೆ ಶೆಡ್ಡಿಗೆ ತರಿಸಿ ಕಾಲಿನ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಹಾಕಿದೆವು. ಎಂ8ಕ್ಕೆ 25 ನ್ಯೂಟನ್ ಮೀಟರ್ ಬಿಗಿತ ಇಟ್ಟಿದ್ದೆವು. ಎರಡು ಕಾಲುಗಳಲ್ಲಿ ಸಡಿಲಾಗಿದ್ದವು. ಪ್ಲೇಟಿನ ಕೆಳಗಿನ ಪೇಂಟ್ ಮತ್ತು ಸೀಲರ್ ಒತ್ತಿ ತೆಳುವಾದದ್ದೇ ಕಾರಣ. ಅಲ್ಲಿನ ಪೇಂಟ್ ಕೆರೆದು, ಬರೀ ಲೋಹಕ್ಕೆ ತೆಳು ಪ್ರೈಮರ್ ಕೊಟ್ಟು ಮತ್ತೆ ಬಿಗಿಸಿದೆವು. ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇವೆ. ಬೋಲ್ಟ್ ತಿರುಗಿದರೆ ಗೆರೆ ಕತ್ತರಿಸುತ್ತದೆ, ಅದನ್ನು ನೋಡುವ ಕೆಲಸ ತಮ್ಮನ ಪಾಲಿಗೆ ಬಂದಿದೆ.